ತಲೆಕೆಳಗಿಟ್ಟ ಪೆಟ್ಟಿಗೆಗಳು

ನಮ್ಮಕ್ಕನನ್ನು ಕಂಪನಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಧ್ಯಕ್ಷರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಚಳಿಯಕ್ಕ. ಔಷಧಿ ತಯಾರಿಸಿ ತನ್ನದೇ ನೂರಾರು ಅಂಗಡಿಗಳಲ್ಲಿ ಮಾರುವ ಕಂಪನಿ ನಮ್ಮದು. ಅದರ ಗೋದಾಮಿನ ನೆಲಮಹಡಿಯಲ್ಲಿ ಒಂದು ಚಳಿಕೋಣೆಯಿದೆ. ಇನ್ಸುಲಿನ್, ಲಸಿಕೆ, ಹೀಗೆ ಬಿಸಿ ತಾಗಿದರೆ ಕೆಡುವ ಔಷಧಿಗಳೆಲ್ಲ ಅಲ್ಲಿರುತ್ತವೆ. ಇಪ್ಪತ್ತೆರಡು ವರ್ಷಗಳಿಂದ ಆ ಕೋಣೆಯ ಬೀಗದ ಕೈ ಅವಳ ಕೊರಳಲ್ಲಿ ನೇತಾಡುತ್ತಿದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಅವಳು ಉಣ್ಣೆಯ ಕೋಟು, ಮಂಗನ ಟೋಪಿ ಹಾಕಿಕೊಂಡೇ ಊಟಕ್ಕೆ ಬರುತ್ತಾಳೆ. ನಕ್ಕವರಿಗೆ ಅವಳ ಉತ್ತರ ಸಿದ್ಧವಾಗಿರುತ್ತದೆ: “ನಗ್ರಪ್ಪಾ ನಗ್ರಿ. ನಾಳೆ ಸಕ್ಕರೆ ಕಾಯಿಲೆ ಬಂದಾಗ ನನ್ನ ಬಾಗಿಲಿಗೇ ಬರ್ತೀರ.”

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಮೊದಲ ದಿನವೇ ಒಂದು ಪಾಠ ಮಾಡುತ್ತಾಳೆ. “ಬಿಸಿಲಲ್ಲಿ ಕೆಟ್ಟ ಔಷಧಿನ ಮತ್ತೆ ತಂದು ಚಳಿಗಿಟ್ರೆ ಅದು ಒಳ್ಳೇದರ ಥರಾನೇ ಕಾಣುತ್ತೆ. ಮುಟ್ಟಿದ್ರೆ ತಣ್ಣಗೆ, ನೋಡಿದ್ರೆ ತಿಳಿ. ಥೇಟ್ ಕೆಲವು ಮನುಷ್ಯರ ಹಾಗೆ.” ಆದ್ದರಿಂದ ಅವಳದೊಂದು ಪದ್ಧತಿ. ಅನುಮಾನ ಇರುವ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ ಇಡುವುದು. ಪೆಟ್ಟಿಗೆಯ ಮೇಲಿನ ಬಾಣದ ಗುರುತು ನೆಲ ನೋಡುತ್ತಿದ್ದರೆ ಅದು ಹೊರಗೆ ಹೋಗಕೂಡದು. ಚೀಟಿ ಅಂಟಿಸಿದರೆ ಆ ಥಂಡಿಗೆ ಕಿತ್ತುಬರುತ್ತದೆ, ಬರೆದರೆ ಶಾಯಿ ಹರಡುತ್ತದೆ. ತಲೆಕೆಳಗಾದದ್ದು ಮಾತ್ರ ಹಾಗೆಯೇ ಇರುತ್ತದೆ, ಯಾರಾದರೂ ಎತ್ತಿ ತಿರುಗಿಸುವ ತನಕ.

ಎತ್ತಿ ತಿರುಗಿಸಿದವನು ನಾನು. ಅವಳ ಸ್ವಂತ ತಮ್ಮ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವಳು ಅವಳು. ಕಂಪನಿಯ ಲೆಕ್ಕದ ವಿಭಾಗಕ್ಕೆ ನನ್ನನ್ನು ಸೇರಿಸಿದವಳೂ ಅವಳೇ. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲಾಭನಷ್ಟವನ್ನು ಷೇರುದಾರರಿಗೆ ಹೇಳಬೇಕು, ಬರುವ ದಿನಗಳು ಹೇಗಿರುತ್ತವೆ ಎಂಬ ಮುನ್ನೋಟವನ್ನೂ ಕೊಡಬೇಕು. ಆ ಹಾಳೆಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ನನ್ನ ಮೇಲಧಿಕಾರಿಗೆ ನಾವು ಇಟ್ಟ ಹೆಸರು ಮುನ್ನೋಟ. ನೆಗಡಿಯಾದರೂ ಆ ಮಹಾಶಯ “ಮುಂದಿನ ತ್ರೈಮಾಸಿಕಕ್ಕೆ ಸರಿಹೋಗುತ್ತೆ” ಎನ್ನುತ್ತಿದ್ದರು.

ಆ ಸಲ ತ್ರೈಮಾಸಿಕ ಮುಗಿಯಲು ನಾಲ್ಕು ದಿನವಿತ್ತು. ಇನ್ಸುಲಿನ್ ಹೊತ್ತ ನಮ್ಮ ಶೀತಲ ಲಾರಿ ದಾರಿಯಲ್ಲಿ ಕೆಟ್ಟು ಮೂರು ದಿನ ಬಿಸಿಲಲ್ಲಿ ನಿಂತು, ಇನ್ನೂರು ಪೆಟ್ಟಿಗೆ ವಾಪಸು ಬಂತು. ಹಾಳಾಯಿತೆಂದು ಬರೆದು ಸುಡಬೇಕಾದ ಮಾಲು. ಆದರೆ ಬರೆದರೆ ಲಾಭ ಕುಸಿಯುತ್ತದೆ. ಅಧ್ಯಕ್ಷರು ಷೇರುದಾರರಿಗೆ ಇಷ್ಟು ಲಾಭ ಬಂದೇ ಬರುತ್ತದೆ ಎಂದು ಮೊದಲೇ ಮಾತು ಕೊಟ್ಟಾಗಿತ್ತು.

ಮುನ್ನೋಟ ನನ್ನನ್ನು ಕರೆದು ಬಾಗಿಲು ಮುಚ್ಚಿದರು. “ಫಲಿತಾಂಶ ಹೇಳೋವರೆಗೆ ಆ ಪೆಟ್ಟಿಗೆಗಳು ಚಳಿಕೋಣೇಲೇ ಇರ್ಲಿ. ಆಮೇಲೆ ಹಾಳಾಯ್ತು ಅಂತ ಬರೆಯೋಣ. ನಿಮ್ಮಕ್ಕನಿಗೆ ನೀವೇ ಹೇಳಿ. ನಾನು ಹೇಳಿದ್ರೆ ಟೋಪಿ ತೆಗೆದು ನನ್ನ ಮುಖಕ್ಕೆ ಎಸೀತಾರೆ.”

ನಾನು ಹೋದೆ. ಮಗಳ ಶಾಲೆಯ ಶುಲ್ಕ, ಮನೆಯ ಬಾಡಿಗೆ, ಬರಬೇಕಾದ ಬಡ್ತಿ, ಎಲ್ಲವನ್ನೂ ಅವಳ ಮುಂದೆ ಹರವಿದೆ. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು.

“ಇಪ್ಪತ್ತೆರಡು ವರ್ಷದಲ್ಲಿ ಕೆಟ್ಟದ್ದು ಅಂತ ಗೊತ್ತಿದ್ದೂ ಒಳಗೆ ಇಟ್ಕೊಂಡಿಲ್ಲ ಕಣೋ,” ಎಂದಳು. “ನಿನ್ನ ಮುಖ ನೋಡಿ ಒಪ್ತಿದೀನಿ. ಎಲ್ಲಾನೂ ತಲೆಕೆಳಗೆ ಇಡ್ತೀನಿ. ಒಂದೇ ಒಂದು ಪೆಟ್ಟಿಗೆ ನೆಟ್ಟಗಾಗಬಾರದು. ತಿಳೀತಾ?”

ತಿಳೀತು ಎಂದೆ.

ಒಂದು ತಿಂಗಳು ಏನೂ ಆಗಲಿಲ್ಲ. ಫಲಿತಾಂಶ ಪ್ರಕಟಿಸಲು ಮೂರು ದಿನವಿರುವಾಗ ಅಕ್ಕ ಜ್ವರ ಬಂದು ಮಲಗಿದಳು. ಚಳಿಕೋಣೆಯ ಯಜಮಾನಿಗೇ ಚಳಿಜ್ವರ ಎಂದು ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ಬೀಗದ ಕೈ ಬೇರೆ ಗೋದಾಮಿನಿಂದ ಬಂದ ಬದಲಿ ಕೆಲಸಗಾರನ ಕೈಗೆ ಹೋಯಿತು. ಅದೇ ದಿನ ಮಧ್ಯಾಹ್ನ ಲೆಕ್ಕ ಪರಿಶೋಧಕರು ದಾಸ್ತಾನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು.

ನಾನು ಮುಂಚೆಯೇ ಕೆಳಗಿಳಿದು ಒಮ್ಮೆ ಇಣುಕಿದೆ. ಬಾಗಿಲು ತೆರೆದರೆ ಎದುರಿಗೇ ತಲೆಕೆಳಗಾದ ಪೆಟ್ಟಿಗೆಗಳ ಸಾಲು. ಬಂದವರು “ಇದ್ಯಾಕೆ ಹೀಗೆ?” ಎಂದು ಕೇಳಿದರೆ ಏನು ಹೇಳಲಿ? ಬದಲಿ ಕೆಲಸಗಾರ ಬೀಗ ಹಾಕದೆ ಚಹಾ ಕುಡಿಯಲು ಹೋಗಿದ್ದ. ಮುಂದಿನ ಸಾಲಿನ ಇಪ್ಪತ್ತು ಪೆಟ್ಟಿಗೆಗಳನ್ನು ನೆಟ್ಟಗೆ ತಿರುಗಿಸಿದೆ. ಹಿಂದಿನವು ಅವುಗಳ ಮರೆಗೆ ಹೋದವು. ಪರಿಶೋಧಕರು ಬಂದರು, ಚಳಿಗೆ ಕೈ ಉಜ್ಜಿಕೊಂಡರು, ಎರಡೇ ನಿಮಿಷದಲ್ಲಿ ಹೊರಬಿದ್ದರು. ಆಮೇಲೆ ತಿರುಗಿಸಿಡೋಣ ಎಂದುಕೊಂಡೆ. ಅಷ್ಟರಲ್ಲಿ ಮುನ್ನೋಟ ಮೇಲೆ ಕರೆದರು, ಬೆನ್ನು ತಟ್ಟಿದರು, ಕಾಫಿ ತರಿಸಿದರು. ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲಿ ಪೆಟ್ಟಿಗೆಗಳನ್ನು ಮರೆತೇಬಿಟ್ಟೆ. ಇದಕ್ಕೆ ಬೇರೆ ಯಾವ ನೆಪವೂ ನನ್ನಲ್ಲಿಲ್ಲ.

ಫಲಿತಾಂಶದ ದಿನ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಮೇಜಿನ ಫೋನು ಬಡಿದುಕೊಂಡಿತು.

“ಕೆಳಗೆ ಬಾ,” ಎಂದಳು ಅಕ್ಕ. ಅಷ್ಟೇ.

ಮೆಟ್ಟಿಲು ಇಳಿಯುವಾಗಲೇ ಎಲ್ಲವೂ ನೆನಪಾಯಿತು. ಅವಳು ಚಳಿಕೋಣೆಯ ನಡುವೆ ನಿಂತಿದ್ದಳು. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ಕಣ್ಣು ಕೆಂಪಾಗಿದ್ದವು.

“ಹದಿನಾಲ್ಕು ನೆಟ್ಟಗಿವೆ. ಆರು ಕಾಣ್ತಿಲ್ಲ. ಮೂರು ದಿನದ ಹಿಂದೆ ಸಂಜೆ ಬಸ್ ನಿಲ್ದಾಣದ ಹತ್ರ ಇರೋ ನಮ್ಮ ಅಂಗಡಿಗೆ ಹೋಗಿವೆ. ನೆಟ್ಟಗಿದ್ವು, ಬಾಗಿಲ ಹತ್ರ ಇದ್ವು, ಎತ್ತಿ ಕಳಿಸಿದೆ ಅಂತಾನೆ ಅವನು. ಅವನದೇನೂ ತಪ್ಪಿಲ್ಲ. ತಿರುಗಿಸಿದ್ದು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಆಗಲೇ ಬಗ್ಗಿತ್ತು.

“ನಾನೇ ಅಕ್ಕ.”

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನನ್ನು ದಾಟಿಕೊಂಡು ಮೇಲಕ್ಕೆ ಹೋದಳು, ನಾನು ಹಿಂದೆ ಓಡಿದೆ.

ಮೇಲಿನ ಹಜಾರದಲ್ಲಿ ಗೋಡೆಗೆ ಧ್ವನಿವರ್ಧಕ ಕಟ್ಟಿದ್ದರು. ಷೇರುದಾರರ ಜೊತೆ ಅಧ್ಯಕ್ಷರು ಫೋನಿನಲ್ಲಿ ಆಡುವ ಮಾತು ಸಿಬ್ಬಂದಿಗೂ ಕೇಳಲಿ ಎಂದು ಅವತ್ತಿನ ಏರ್ಪಾಡು. ಹತ್ತು ಗಂಟೆಗೆ ಶುರುವಾಗಬೇಕಿತ್ತು. ಅಕ್ಕ ನನ್ನ ಮೇಜಿನ ಫೋನಿಗೆ ಕೈ ಹಾಕಿದ್ದಳು, ಮುನ್ನೋಟ ಓಡಿಬಂದು ರಿಸೀವರಿನ ಮೇಲೆ ಅಂಗೈ ಊರಿದರು. ಬದಲಿ ಕೆಲಸಗಾರ ಅವರಿಗೂ ಸುದ್ದಿ ಮುಟ್ಟಿಸಿದ್ದ.

“ಹನ್ನೊಂದೂವರೆಗೆಲ್ಲಾ ಮುಗಿದುಹೋಗುತ್ತೆ,” ಎಂದರು ತಗ್ಗಿದ ದನಿಯಲ್ಲಿ. “ಆಮೇಲೆ ಎಷ್ಟು ಬೇಕಾದ್ರೂ ಫೋನ್ ಮಾಡಿ. ಈಗ ಸುದ್ದಿ ಹೊರಗೆ ಹೋದ್ರೆ ಷೇರು ನೆಲಕಚ್ಚುತ್ತೆ. ಒಂದೂವರೆ ಗಂಟೆ ಅಷ್ಟೇ ಚಳಿಯಕ್ಕ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು.”

“ನಿಮಗೆ ಆಯಸ್ಸು ಸಾರ್. ಆ ಔಷಧಿ ಚುಚ್ಕೊಂಡೋರಿಗೆ?”

ಮುನ್ನೋಟ ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳ್ರೀ. ಆ ಹಾಳೆ ಮೇಲೆ ನಿಮ್ಮ ಸಹಿ ಇದೆ, ಮರೀಬೇಡಿ.”

ಅಕ್ಕ ನನ್ನನ್ನು ನೋಡಲಿಲ್ಲ. ಅವಳ ಕಣ್ಣು ಫೋನಿನ ಮೇಲೇ ಇತ್ತು. ಗೋಡೆಯ ಗಡಿಯಾರದ ಸದ್ದು ನನಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿಸಿರಲಿಲ್ಲ. ಕೊನೆಗೆ ಕಿಸೆಯಿಂದ ನನ್ನದೇ ಮೊಬೈಲ್ ತೆಗೆದು, ಬಸ್ ನಿಲ್ದಾಣದ ಅಂಗಡಿಗೆ ಹಚ್ಚಿ, ಅಕ್ಕನ ಕೈಗೆ ಕೊಟ್ಟೆ.

ಅಂಗಡಿಯವನು ಪೆಟ್ಟಿಗೆಗಳನ್ನು ನೋಡಿ ಬಂದು ಹೇಳಿದ: ಐದು ಇನ್ನೂ ಒಡೆದಿಲ್ಲ. ಒಂದು ಒಡೆದಿದೆ, ಅದರಿಂದ ಮೂರು ಸೀಸೆ ಮಾರಾಟವಾಗಿದೆ. ಅಕ್ಕ ಉಳಿದದ್ದನ್ನು ಮಾರದೆ ಎತ್ತಿಡಲು ಹೇಳಿ, ಮೂವರ ನಂಬರನ್ನೂ ಅಂಗೈ ಮೇಲೆ ಬರೆದುಕೊಂಡಳು. ಅಷ್ಟರಲ್ಲಿ ಧ್ವನಿವರ್ಧಕ ಗೊರಗೊರ ಎಂದು, ಅಧ್ಯಕ್ಷರ ಗಂಭೀರ ದನಿ ಹಜಾರ ತುಂಬಿತು. ಮೊದಲನೆಯವರು ಫೋನ್ ಎತ್ತಿದರು, ಸೀಸೆ ಇನ್ನೂ ತೆರೆದಿರಲಿಲ್ಲ. ಎರಡನೆಯವರದೂ ಹಾಗೆಯೇ. ಮೂರನೆಯದು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ ಇಲ್ಲ. ಧ್ವನಿವರ್ಧಕದಲ್ಲಿ ಯಾರೋ ಷೇರುದಾರರು, ಈ ಬಿಸಿಲಿಗೆ ಮಾಲೇನಾದರೂ ಹಾಳಾಗಿದೆಯೇ ಎಂದು ಕೇಳಿದರು. “ಒಂದು ಪೆಟ್ಟಿಗೆಯೂ ಇಲ್ಲ. ಮುನ್ನೋಟ ಉಜ್ವಲವಾಗಿದೆ,” ಎಂದರು ಅಧ್ಯಕ್ಷರು. ನನ್ನ ಹಾಳೆಯನ್ನೇ ನೋಡಿ ಓದುತ್ತಿದ್ದರು.

“ವಿಳಾಸ ಕೊಡು,” ಎಂದಳು ಅಕ್ಕ ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ. ನನಗೆ, “ಗಾಡಿ ತೆಗಿ.”

ಮೆಟ್ಟಿಲ ಬಳಿ ಮುನ್ನೋಟ ಅಡ್ಡ ನಿಂತು, “ಹೋದ್ರೆ ವಾಪಸ್ ಬರೋದು ಬೇಡ,” ಎಂದರು. ಹೋದೆವು. ಲೆಕ್ಕದ ವಿಭಾಗಕ್ಕೆ ನಾನು ಮತ್ತೆ ಕಾಲಿಟ್ಟದ್ದು ಒಂದೇ ಸಲ, ನಡೆದದ್ದನ್ನೆಲ್ಲ ಬರೆದುಕೊಟ್ಟು ನನ್ನ ಊಟದ ಡಬ್ಬಿ ತರಲು. ಮುಂದಿನ ವಾರ ಕಂಪನಿ ತನ್ನ ಅಂಕಿಗಳನ್ನು ತಿದ್ದಿ ಪ್ರಕಟಿಸಿತು, ಷೇರು ಬಿತ್ತು, ಆಮೇಲೆ ಮೆಲ್ಲಗೆ ಎದ್ದಿತು. ಅಕ್ಕನನ್ನು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ, ಬೀಗದ ಕೈ ಈಗಲೂ ಅವಳ ಕೊರಳಲ್ಲೇ ಇದೆ. ಇದೆಲ್ಲ ಪೇಪರಿನವರಿಗೂ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಆ ಮೂರನೆಯ ಮನೆಯ ಸಂಗತಿ.

ಬಸ್ ನಿಲ್ದಾಣದ ಹಿಂದಿನ ಓಣಿ, ಲಿಫ್ಟಿಲ್ಲದ ಕಟ್ಟಡ, ಮೂರನೇ ಮಹಡಿ. ಉಣ್ಣೆ ಕೋಟಿನಲ್ಲೇ ಬಂದಿದ್ದ ಅಕ್ಕ ಮೆಟ್ಟಿಲು ಮೆಟ್ಟಿಲಿಗೂ ನಿಂತು ಏದುಸಿರು ಬಿಡುತ್ತಿದ್ದಳು. ಕೈ ಹಿಡಿಯಲು ಹೋದರೆ ಕೊಡವಿದಳು. ಬಾಗಿಲು ಬಡಿದಾಗ ಒಳಗಿನಿಂದ ಜೋರು ಮಾತು ಕೇಳುತ್ತಿತ್ತು. ಆ ಗಲಾಟೆಯಲ್ಲಿ ಫೋನಿನ ಸದ್ದು ಯಾರಿಗೆ ಕೇಳೀತು?

ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ ಹೆಂಗಸು, ಅತ್ತು ಮುಖ ಊದಿತ್ತು. ಹಿಂದೆ ಮಂಚದ ಮೇಲೆ ಅವಳ ಅಪ್ಪ. ನಿವೃತ್ತ ಬಸ್ ಕಂಡಕ್ಟರ್ ಎಂದು ಆಮೇಲೆ ತಿಳಿಯಿತು. ತುಟಿ ಬಿರಿದಿತ್ತು, ಪಕ್ಕದಲ್ಲಿ ಖಾಲಿಯಾದ ಎರಡು ನೀರಿನ ತಂಬಿಗೆ. ಅಕ್ಕ ಕಿಟಕಿಯ ಕಟ್ಟೆ ಮೇಲಿದ್ದ ಸೂಜಿಯ ಡಬ್ಬಿ ನೋಡಿ, “ಇವತ್ತು ಬೆಳಿಗ್ಗೆ ಚುಚ್ಕೊಂಡ್ರಾ?” ಎಂದಳು.

“ಹೊಸ ಸೀಸೆ ತಂದಾಗಿಂದ ಹೊತ್ತು ಹೊತ್ತಿಗೆ ಸರಿಯಾಗಿ ಚುಚ್ತಿದೀನಿ,” ಎಂದಳು ಮಗಳು. “ಆದ್ರೂ ಸಕ್ಕರೆ ನಾನೂರು ದಾಟಿದೆ. ಕದ್ದು ತಿಂತಾರೆ ನಮ್ಮಪ್ಪ. ಸಕ್ಕರೆ ಡಬ್ಬಾನ ಬೀರುಲಿಟ್ಟು ಬೀಗ ಹಾಕಿದೀನಿ, ಆದ್ರೂ ಎಲ್ಲಿಂದಲೋ ತಿಂತಾರೆ. ಕೇಳಿದ್ರೆ ಆಣೆ ಹಾಕ್ತಾರೆ. ಈ ವಯಸ್ಸಲ್ಲಿ ಸುಳ್ಳು!”

ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ವಾದ ಮಾಡುವ ಶಕ್ತಿಯೂ ಉಳಿದಿರಲಿಲ್ಲ ಅವನಿಗೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಈ ಮನುಷ್ಯ ಮೂರು ದಿನದಿಂದ ಉಣ್ಣುತ್ತಿದ್ದ, ಬೈಗುಳದ ಸಮೇತ.

“ಆಸ್ಪತ್ರೆಗೆ ಹೊರಡಿಸಮ್ಮ, ಬರೋವಾಗ್ಲೇ ಆಂಬುಲೆನ್ಸಿಗೆ ಹೇಳಿದೀನಿ, ಕೆಳಗೆ ಬರುತ್ತೆ,” ಎಂದಳು ಅಕ್ಕ. “ನಿಮ್ಮಪ್ಪ ಏನೂ ಕದ್ದು ತಿಂದಿಲ್ಲ. ಔಷಧಿ ಕೆಟ್ಟಿತ್ತು. ನಮ್ಮ ಕಂಪನಿದು.”

ಮಗಳು ಅಕ್ಕನ ಕೋಟು, ಟೋಪಿ, ಕೊರಳಿನ ಬೀಗದ ಕೈ ನೋಡಿದಳು. “ಕೆಟ್ಟಿದ್ದು ಅಂಗಡಿಗೆ ಹೇಗೆ ಬಂತು? ಯಾರು ಕಳಿಸಿದ್ದು?”

ಅಕ್ಕ ಬಾಯಿ ತೆರೆದಳು. ನನಗೆ ಅವಳು ಗೊತ್ತು. ಅವಳು “ನನ್ನ ಕೋಣೆಯಿಂದ ಬಂತಮ್ಮ, ತಪ್ಪು ನಂದು” ಎನ್ನಲಿದ್ದಳು. ಚಿಕ್ಕಂದಿನಲ್ಲಿ ನಾನು ಒಡೆದ ಕನ್ನಡಿಗೆಲ್ಲ ಅವಳೇ ಏಟು ತಿಂದಿದ್ದಾಳೆ.

“ನಾನು,” ಎಂದೆ ಅವಳಿಗಿಂತ ಮೊದಲು. “ಕೆಟ್ಟಿದೆ ಅಂತ ಗೊತ್ತಾಗೋ ಹಾಗೆ ಅಕ್ಕ ಇಟ್ಟಿದ್ರು. ಗೊತ್ತಾಗದ ಹಾಗೆ ಮಾಡಿದ್ದು ನಾನು.”

ಮಗಳು ನನ್ನ ಕೆನ್ನೆಗೆ ಬಾರಿಸಿದಳು. ಸರಿಯಾಗೇ ಬಾರಿಸಿದಳು. ಅಕ್ಕ ಅಡ್ಡ ಬರಲಿಲ್ಲ.

ಮಂಚದ ಮೇಲಿನಿಂದ ಒಣಗಿದ ದನಿ ಕೇಳಿತು. ಮುದುಕ ಮೊಣಕೈ ಊರಿ ಏಳಲು ನೋಡುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಮೇಲೆ ಅವನಿಗೆ ಸಿಟ್ಟೇ ಇರಲಿಲ್ಲ. ನಾನು ಅಲ್ಲಿ ನಿಂತಿದ್ದೇ ಅವನ ಗಮನದಲ್ಲಿರಲಿಲ್ಲ. ಅವನು ಮಗಳನ್ನೇ ನೋಡುತ್ತಿದ್ದ.

“ಕೇಳಿದ್ಯಾ?” ಎಂದ. “ನಾನು ತಿಂದಿರಲಿಲ್ಲ ಕಣಮ್ಮ. ಕೇಳಿದ್ಯಾ?”