ಉಳಿದುಹೋದ ಮೂರು ಎಸೆತ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಹಾಜರಿ ಕೂಗುವಾಗ ಗುಮಾಸ್ತರು ಅವನ ನಿಜವಾದ ಹೆಸರು ಹೇಳಿದರೆ, ಅವನೇ ಒಂದು ಗಳಿಗೆ ಯಾರಪ್ಪಾ ಅದು ಎಂಬಂತೆ ಅತ್ತಿತ್ತ ನೋಡುತ್ತಿದ್ದ. ಕೆಲಸ ಬ್ರೇಕ್ ಫಿಟ್ಟರ್‌ನದು. ಬಸ್ಸಿನ ಹೊಟ್ಟೆಯ ಕೆಳಗಿನ ಗುಂಡಿಗೆ ಇಳಿದು, ದಿನವಿಡೀ ಎಡಗೈಯಲ್ಲಿ ಸ್ಪಾನರ್ ತಿರುಗಿಸಿ ತಿರುಗಿಸಿ ಅವನ ಬೆರಳುಗಳು ಗಂಟುಗಂಟಾಗಿದ್ದವು. ಭಾನುವಾರ ಕ್ರಿಕೆಟ್ ಚೆಂಡು ಹಿಡಿದರೆ ಮಾತ್ರ ಅವು ಬೇರೆ ಯಾರದೋ ಬೆರಳುಗಳಂತೆ ನಾಜೂಕಾಗುತ್ತಿದ್ದವು. ಅವನು ಎಸೆದ ಚೆಂಡು ಗಾಳಿಯಲ್ಲಿ ಏನೂ ಅರಿಯದಂತೆ ಬಂದು, ನೆಲಕ್ಕೆ ತಾಗಿದ ಮೇಲೆ ಮನಸ್ಸು ಬದಲಾಯಿಸಿ ಬ್ಯಾಟಿನಿಂದ ಆಚೆಗೆ ಸರಿದುಬಿಡುತ್ತಿತ್ತು.

ಡಿಪೋ ತಂಡದಿಂದ ಪ್ರಾಂತ್ಯದ ತಂಡಕ್ಕೆ ಅವನು ಬೇಗನೇ ಹೋದ. ಅಲ್ಲಿಂದ ಮುಂದಕ್ಕೆ ದಾರಿ ಇರಲಿಲ್ಲ. ದೇಶದ ತಂಡದಲ್ಲಿ ಎಡಗೈ ಸ್ಪಿನ್ನರ್ ಒಬ್ಬರು ಆಲದ ಮರದ ಹಾಗೆ ಬೇರು ಬಿಟ್ಟು ಕೂತಿದ್ದರು. ಅವರಿಗೆ ಜ್ವರ ಬರುತ್ತಿರಲಿಲ್ಲ, ಕಾಲು ಉಳುಕುತ್ತಿರಲಿಲ್ಲ, ವಯಸ್ಸೂ ಆಗುತ್ತಿರಲಿಲ್ಲ. ಎಡಚನಿಗೆ ಮಾತ್ರ ವಯಸ್ಸಾಗುತ್ತಿತ್ತು. ಮೂವತ್ತು ದಾಟಿತು, ಮದುವೆಯಾಯಿತು, ಹಣೆಯ ಮೇಲಿನ ಕೂದಲು ಹಿಂದೆ ಸರಿಯಿತು. ತಂಡದ ಹೆಸರುಗಳನ್ನು ರೇಡಿಯೋದಲ್ಲಿ ಓದುವಾಗ ಅವನು ಬೇಕೆಂದೇ ಎದ್ದು ಕೈ ತೊಳೆಯಲು ಹೋಗುತ್ತಿದ್ದ.

ಹೀಗಿರುವಾಗ ಒಂದು ವರ್ಷ ಹೊರದೇಶದ ತಂಡ ಟೆಸ್ಟ್ ಸರಣಿ ಆಡಲು ಬಂತು. ಒಂದು ಪಂದ್ಯ ಅವರು ಗೆದ್ದರು, ಒಂದು ಇವರು. ಕೊನೆಯ ಪಂದ್ಯ ಎಡಚನ ಊರಿನಲ್ಲೇ ಇತ್ತು. ಪಂದ್ಯಕ್ಕೆ ಮುಂಚೆ ಆಲದ ಮರದಂಥ ಆ ಸ್ಪಿನ್ನರ್ ಕ್ಯಾಚ್ ಹಿಡಿಯಲು ಹೋಗಿ ಬೆರಳು ಮುರಿದುಕೊಂಡರು.

ಸುದ್ದಿ ತಂದವರು ಡಿಪೋದ ಫೋರ್‌ಮನ್. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿ ಹೇಳಿದರು, "ಎಡಚಾ, ಮೇಲೆ ಬಾರಯ್ಯ. ನಿನ್ನ ಟೆಸ್ಟಿಗೆ ತಗೊಂಡಿದಾರಂತೆ."

"ಯಾವ ಟೆಸ್ಟು ಸಾರ್? ಬ್ರೇಕ್ ಟೆಸ್ಟಾ?"

"ಅಯ್ಯೋ ಪೆದ್ದೇ, ಕ್ರಿಕೆಟ್ಟು ಕಣೋ!"

ಗ್ರೀಸು ಮೆತ್ತಿದ ಮುಖ ಮೇಲೆತ್ತಿ ಅವನು ಅಲ್ಲೇ ನಿಂತ. ಫೋರ್‌ಮನ್ನರೇ ಕೈ ಕೊಟ್ಟು ಮೇಲಕ್ಕೆಳೆದರು. ರಜೆ ಬರೆಸುವಾಗ ಮಾತ್ರ ಗೊಣಗಿದರು, "ಐದು ದಿನ ಅದೇನು ಆಡ್ತೀರೋ. ಮಧ್ಯಾಹ್ನಕ್ಕೆ ಮುಗಿಸೋಕಾಗಲ್ವಾ?"

ಮನೆಯಲ್ಲಿ ಹೆಂಡತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ತಂಡದವರು ಕೊಟ್ಟ ಬಿಳಿ ಪ್ಯಾಂಟು ಅವನಿಗೆ ಗೇಣುದ್ದ ಹೆಚ್ಚಾಗಿತ್ತು. ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಚಿದಳು. "ಅಲ್ಲಾಡಬೇಡಿ ರೀ. ದೇಶದ ಮರ್ಯಾದೆ ಚುಚ್ಚಿಬಿಡ್ತೀನಿ ಆಮೇಲೆ," ಎಂದಳು. ಅವನು ನಗಲಿಲ್ಲ. ಅವಳು ಗುಂಡುಸೂಜಿ ಸಿಕ್ಕಿಸಿ ಇನ್ನೊಂದು ಕಾಲಿನ ಅಂಚಿಗೆ ಕೈ ಹಾಕಿದಳು.

ಮೊದಲ ದಿನ ಪಿಚ್ಚಿನಲ್ಲಿ ತೇವವಿತ್ತು. ಇವರ ವೇಗದ ಬೌಲರ್‌ಗಳಿಬ್ಬರೇ ಎದುರಾಳಿಗಳನ್ನು ಗುಡಿಸಿಹಾಕಿದರು. ಎಡಚನಿಗೆ ಚೆಂಡು ಕೊಡುವ ಪ್ರಮೇಯವೇ ಬರಲಿಲ್ಲ. ಬೌಂಡರಿ ಗೆರೆಯ ಪಕ್ಕ ನಿಂತು ನಿಂತು ಅವನ ಕಾಲು ಮರದ ಕೊರಡಾಯಿತು. ಸಂಜೆ ಮನೆಗೆ ಹೋದಾಗ ಅಮ್ಮ ಕೇಳಿದಳು, "ನೀನು ಯಾವಾಗಪ್ಪಾ ಆಡೋದು?"

"ಆಡ್ತಾ ಇದೀನಲ್ಲಮ್ಮ."

"ಎಲ್ಲಿ ಆಡ್ದೆ? ಬೆಳಗ್ಗಿಂದ ಬರೀ ನಿಂತಿದ್ದೆ. ಬಸ್ ಸ್ಟಾಪಲ್ಲಿ ನಿಂತಂಗೆ."

ಎರಡನೆಯ ದಿನ ಇವರು ದೊಡ್ಡ ಮೊತ್ತವನ್ನೇ ಹೊಡೆದರು. ಎಡಚ ಕೊನೆಯವನಾಗಿ ಹೋಗಿ, ಒಂದೂ ಚೆಂಡು ಎದುರಿಸದೆ ಹಿಂದಿರುಗಿದ. ಆಮೇಲೆ ಮಳೆ ಹಿಡಿಯಿತು. ಎರಡು ದಿನ ಮೈದಾನದ ತುಂಬ ಟಾರ್ಪಾಲು, ಅದರ ಮೇಲೆ ಕೆರೆಯಂತೆ ನಿಂತ ನೀರು. ಆಟಗಾರರು ಒಳಗೆ ಇಸ್ಪೀಟು ಹಾಕಿದರು. ಎಡಚನಿಗೆ ಇಸ್ಪೀಟು ಬಾರದು. ಅವನು ಕಿಟಕಿಯ ಬಳಿ ಕೂತು ಆಕಾಶ ನೋಡಿದ.

ಐದನೆಯ ದಿನ ಬಿಸಿಲು ಬಂತು. ನೆನೆದು ಒಣಗುತ್ತಿದ್ದ ಪಿಚ್ಚಿನಲ್ಲಿ ಚೆಂಡು ಹಾವಿನ ಹಾಗೆ ಆಡತೊಡಗಿತು. ಊಟದ ಹೊತ್ತಿಗೆ ಎದುರಾಳಿಗಳ ಅರ್ಧ ತಂಡ ಹೊರಗಿತ್ತು, ಚಹಾದ ಹೊತ್ತಿಗೆ ಒಂಬತ್ತನೆಯವನೂ ಹೋದ. ರನ್ನಿನಲ್ಲಿ ಅವರು ಇನ್ನೂ ಹಿಂದೆಯೇ ಇದ್ದರು, ಇನ್ನೊಂದು ವಿಕೆಟ್ ಬಿದ್ದರೆ ಪಂದ್ಯವೂ ಇವರದು, ಸರಣಿಯೂ ಇವರದು. ಆದರೆ ಒಂದು ತುದಿಯಲ್ಲಿ ದಪ್ಪ ಮೀಸೆಯ ಬ್ಯಾಟ್ಸ್‌ಮನ್ ಒಬ್ಬ ಬೆಳಗಿನಿಂದ ಗೋಡೆಯಾಗಿ ನಿಂತಿದ್ದ. ತಂಡದ ಹಿರಿಯ ಆಫ್ ಸ್ಪಿನ್ನರ್ ಏನು ಎಸೆದರೂ ಮೀಸೆಯವನು ಮುಂಗಾಲು ಚಾಚಿ ಅದನ್ನು ನೆಲಕ್ಕೆ ಅದುಮುತ್ತಿದ್ದ. ನಾಯಕ ಇದ್ದವರನ್ನೆಲ್ಲ ಅದಲುಬದಲು ಮಾಡಿ ನೋಡಿದ, ಎಡಚನೊಬ್ಬನನ್ನು ಬಿಟ್ಟು. ಇಂಥ ಹೊತ್ತಿನಲ್ಲಿ ಹೊಸಬನ ಕೈಗೆ ಚೆಂಡು ಕೊಡಲು ಅವನಿಗೆ ಧೈರ್ಯವಿರಲಿಲ್ಲ. ಕೊನೆಗೆ ಹಿರಿಯರೇ ಹೇಳಿದರು, "ನನ್ನ ಚೆಂಡು ಅವನಿಗೆ ಬಾಯಿಪಾಠ ಆಗ್ಬಿಟ್ಟಿದೆ. ಎಡಗೈಯವನಿಗೆ ಕೊಟ್ಟು ನೋಡು."

ಅಷ್ಟರಲ್ಲಿ ಮೈದಾನದ ಒಂದು ಮೂಲೆಯಲ್ಲಿ ಮೋಡ ತಲೆ ಎತ್ತಿತ್ತು.

ಎಡಚ ಚೆಂಡನ್ನು ಕೈಗೆ ತೆಗೆದುಕೊಂಡ. ಸ್ಟ್ಯಾಂಡಿನಲ್ಲಿ ಹೆಂಡತಿ ಎದ್ದು ನಿಂತದ್ದು ಅವನಿಗೆ ದೂರದಿಂದಲೇ ಕಂಡಿತು, ಹಳದಿ ಸೀರೆಯಿಂದ ಗುರುತು ಸಿಕ್ಕಿತು. ಪಕ್ಕದ ಜಾಗ ಖಾಲಿ ಇತ್ತು. ಐದು ದಿನ ಬಿಡದೆ ಬಂದಿದ್ದ ಅಮ್ಮ, ಇನ್ನು ಮಗನಿಗೆ ಕೊಡುವುದಿಲ್ಲ ಎಂದುಕೊಂಡು ನೀರು ಕುಡಿಯಲು ಹೋಗಿದ್ದಳು.

ಮೊದಲ ಎಸೆತ ಮೆಲ್ಲಗೆ ತಿರುಗಿತು. ಮೀಸೆಯವನು ತಡೆದ. ಎರಡನೆಯದು ಇನ್ನಷ್ಟು ತಿರುಗಿ ಬ್ಯಾಟಿನ ಅಂಚಿನಿಂದ ಕೂದಲೆಳೆಯಷ್ಟು ದೂರದಲ್ಲಿ ಹಾದು ಕೀಪರ್ ಕೈ ಸೇರಿತು. ಮೈದಾನವಿಡೀ "ಛೇ!" ಎಂದಿತು. ಮೂರನೆಯದಕ್ಕೆ ಮೀಸೆಯವನು ಕೈ ಚಾಚಿದ. ಚೆಂಡು ಅಂಚು ಸವರಿ, ಸ್ಲಿಪ್‌ನಲ್ಲಿದ್ದವನ ಬೆರಳ ತುದಿಗಿಂತ ಸ್ವಲ್ಪ ಮುಂದೆ ನೆಲಕ್ಕೆ ಬಿತ್ತು. ಮೀಸೆಯವನು ನಿಂತಲ್ಲಿಂದ ತಲೆ ಎತ್ತಿ ಮೊದಲ ಸಲ ಎಡಚನ ಮುಖ ನೋಡಿದ.

ಎಡಚನ ಅಳುಕೆಲ್ಲ ಕಳೆದುಹೋಗಿತ್ತು. ಮುಂದೆ ಏನು ಹಾಕಬೇಕೆಂದು ಅವನಿಗೆ ಸ್ಪಷ್ಟವಾಗಿತ್ತು. ಬೆರಳುಗಳು ತಾವಾಗಿಯೇ ಚೆಂಡಿನ ಹೊಲಿಗೆಯ ಮೇಲೆ ಸರಿದು ಕೂತವು. ಅವನು ಓಡಲು ಮೊದಲ ಹೆಜ್ಜೆ ಇಟ್ಟ.

ಅಂಪೈರ್ ಕೈ ಅಡ್ಡ ಚಾಚಿದರು. ಚಾಚಿದ ಅಂಗೈಯ ಮೇಲೆ ಒಂದು ಹನಿ, ಇನ್ನೊಂದು ಹನಿ. ಇನ್ನೊಬ್ಬ ಅಂಪೈರ್ ತಲೆಯಾಡಿಸಿದರು. ನಾಯಕ ಓಡಿ ಬಂದು ಗೋಗರೆದ, "ಇನ್ನು ಮೂರೇ ಚೆಂಡು ಸಾರ್, ಬರೀ ತುಂತುರು ಇದು!" ಮಾತು ಮುಗಿಯುವುದರೊಳಗೆ ಆಕಾಶ ಹರಿದುಬಿತ್ತು. ಅಂಪೈರ್‌ಗಳು ಸ್ಟಂಪಿನ ಮೇಲಿನ ಬೇಲ್ಸ್ ಎತ್ತಿ ಜೇಬಿಗೆ ಹಾಕಿಕೊಂಡರು. ಮೀಸೆಯವನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಎಲ್ಲರೂ ಓಡಿದರು. ಕೈಯಲ್ಲಿ ಚೆಂಡು ಹಿಡಿದು ನಿಂತವನು ಎಡಚನೊಬ್ಬನೇ. ಅಂಪೈರ್ ಹಿಂದಿರುಗಿ ಬಂದು, ಮಗುವಿನ ಕೈಯಿಂದ ತೆಗೆದುಕೊಳ್ಳುವ ಹಾಗೆ ಅದನ್ನು ಮೆತ್ತಗೆ ತೆಗೆದುಕೊಂಡರು.

ಮಳೆ ನಿಲ್ಲಲಿಲ್ಲ. ಪಂದ್ಯ ಡ್ರಾ, ಸರಣಿ ಸಮ. ಡ್ರೆಸಿಂಗ್ ರೂಮಿನಲ್ಲಿ ನಾಯಕ ಒದ್ದೆ ಕೂದಲು ಒರೆಸಿಕೊಳ್ಳುತ್ತ, "ಮುಂದಿನ ಸಲ ನಿನಗೆ ಬೇಗ ಕೊಡ್ತೀನಯ್ಯ," ಎಂದ. ಮುಂದಿನ ಸಲ ಬರಲಿಲ್ಲ. ಮುರಿದ ಬೆರಳು ಕೂಡಿಕೊಂಡಿತು, ಆಲದ ಮರ ತನ್ನ ಜಾಗಕ್ಕೆ ಬಂದು ಕೂತಿತು. ಎಡಚ ಗುಂಡಿಗಿಳಿದ.

ಅಮ್ಮ ಬದುಕಿರುವಷ್ಟು ದಿನ ಪೇಚಾಡಿದಳು. ಬಂದವರಿಗೆಲ್ಲ ಅದನ್ನೇ ಹೇಳುವಳು, "ಒಂದು ಲೋಟ ನೀರಿಗೆ ಹೋದೆ ಕಣಮ್ಮಾ. ವಾಪಸು ಬರೋಷ್ಟರಲ್ಲಿ ಎಲ್ಲಾ ಕೊಡೆ ಬಿಚ್ಚಿಬಿಟ್ಟಿದ್ರು. ನನ್ನ ಮಗ ಆಡಿದ್ದು ನಾನು ನೋಡ್ಲೇ ಇಲ್ಲ." ಡಿಪೋದಲ್ಲಿ ಮಳೆ ಬಂದಾಗಲೆಲ್ಲ ಯಾರಾದರೊಬ್ಬರು, "ಎಡಚಣ್ಣಾ, ಇವತ್ತು ಟೆಸ್ಟ್ ಇದ್ಯಾ?" ಎನ್ನುವರು. ಅವನೂ ನಗುವನು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ತಗಡಿನ ಮಾಡಿನ ಮೇಲೆ ಮಳೆಯ ಸದ್ದು ಜೋರಾದಾಗ ಗುಂಡಿಯೊಳಗೆ ಅವನ ಎಡಗೈ ಸ್ಪಾನರ್ ಬಿಟ್ಟು ಖಾಲಿ ಗಾಳಿಯನ್ನು ಹಿಡಿದಿರುತ್ತಿತ್ತು. ಮನೆಯಲ್ಲೂ ಅಷ್ಟೆ. ಹೆಂಡತಿ ಅಡುಗೆಗೆ ಕೂತಾಗ ಈರುಳ್ಳಿ ಎತ್ತಿಕೊಂಡು ಬೆರಳುಗಳ ನಡುವೆ ತಿರುಗಿಸುತ್ತ, ಎದುರಿನ ಗೋಡೆ ನೋಡುತ್ತ ಕೂರುವನು. "ಆಡಿ ಮುಗಿದಿದ್ರೆ ಆ ಈರುಳ್ಳಿ ಇತ್ಲಾಗೆ ಕೊಡಿ," ಎಂದು ಅವಳು ಕೈ ಚಾಚುವಳು. ಎಲ್ಲಿಗೆ ಹೋಗಿದ್ದಿರಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳಿದರೆ ಗಾಯ ಕೆದಕಿದ ಹಾಗೆ ಎಂದು ಅವಳ ಅಂಜಿಕೆ.

ವರ್ಷಗಳು ಹೋದವು. ಮಗಳ ಮದುವೆಯಾಯಿತು, ಎಡಚನಿಗೆ ನಿವೃತ್ತಿಯೂ ಆಯಿತು. ಅದೇ ಹೊರದೇಶದ ತಂಡ ಮತ್ತೆ ಬಂತು. ಈ ಸಲವೂ ಸರಣಿ ಸಮವಾಗಿಯೇ ಇತ್ತು, ಕೊನೆಯ ಪಂದ್ಯ ಅದೇ ಮೈದಾನದಲ್ಲಿ. ಐದನೆಯ ದಿನ ಬೆಳಿಗ್ಗೆ ಎಡಚ ಹೆಂಡತಿಗೆ ಹೇಳಿದ, "ಹೋಗೋಣ್ವಾ?" ಅವಳು ಹೊಲಿಯುತ್ತಿದ್ದ ರವಿಕೆಯನ್ನು ಹಾಗೇ ಮಡಚಿಟ್ಟು ಎದ್ದಳು.

ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ಚೂರು ಮೋಡವಿಲ್ಲ. ಆಟ ಮಾತ್ರ ಸಪ್ಪೆ. ಪಿಚ್ ಸಿಮೆಂಟಿನಂತಿತ್ತು. ಗೆಲ್ಲುವ ಆಸೆ ಎರಡೂ ಕಡೆಯವರಿಗೆ ಇದ್ದಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜನ ತೂಕಡಿಸತೊಡಗಿದರು. ಮುಂದಿನ ಸಾಲಿನವನೊಬ್ಬ ಟ್ರಾನ್ಸಿಸ್ಟರ್ ಹಾಕಿಕೊಂಡು ಕಾಮೆಂಟರಿ ಕೇಳುತ್ತಿದ್ದ. ಆಟದಲ್ಲಿ ಹೇಳುವಂಥದ್ದೇನೂ ಇಲ್ಲದ್ದರಿಂದ ಕಾಮೆಂಟರಿಯವರು ಹಳೆಯ ಆಟಗಾರನೊಬ್ಬನನ್ನು ಮಾತಿಗೆಳೆದಿದ್ದರು. ಅವನು ಹಿಂದೊಮ್ಮೆ ಇದೇ ಮೈದಾನದಲ್ಲಿ ಮಳೆಯಿಂದ ತನ್ನ ತಂಡ ಬಚಾವಾದ ಕಥೆ ಹೇಳುತ್ತಿದ್ದ, ಕಾಮೆಂಟರಿಯವರು ಅದನ್ನು ನಮ್ಮ ಭಾಷೆಗೆ ತಿರುಗಿಸುತ್ತಿದ್ದರು. ಎಡಚ ಕೂತಲ್ಲೇ ನೆಟ್ಟಗಾದ. ಅವತ್ತು ಬೆಳಗಿನಿಂದ ಗೋಡೆಯಾಗಿ ನಿಂತಿದ್ದ ಆ ಮೀಸೆಯವನೇ ಅದು.

"ಬೌಲ್ ಮಾಡ್ತಿದ್ದವರು ಯಾರು, ನೆನಪಿದ್ಯಾ?" ಕಾಮೆಂಟರಿಯವರು ಕೇಳಿದರು.

"ಹೆಸರು ಮರೆತುಹೋಗಿದೆ. ಎಡಗೈಯವನು, ಹೊಸಬ. ಮೂರು ಚೆಂಡು ಹಾಕಿದ, ಮೂರರಲ್ಲಿ ಎರಡು ಸಲ ಸತ್ತು ಬದುಕಿದೆ. ನಾಲ್ಕನೇದು ಏನು ಹಾಕ್ತಾನೆ ಅನ್ನೋದು ನನಗೆ ಹೊಳೀಲೇ ಇಲ್ಲ. ಈಗಲೂ ಒಂದೊಂದ್ಸಲ ಯೋಚನೆ ಬರುತ್ತೆ, ಏನು ಹಾಕ್ತಿದ್ದ ಅವನು?"

ಹೆಂಡತಿ ಮುಂದಿನ ಸಾಲಿನವನ ಹೆಗಲು ತಟ್ಟಲು ಕೈ ಎತ್ತಿದಳು. "ಇವರೇ ಅದು" ಎಂಬ ಮಾತು ಅವಳ ತುಟಿಯ ಮೇಲಿತ್ತು. ಎಡಚ ಆ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡ, ಬಿಡಲಿಲ್ಲ. ಅವನ ಕಣ್ಣು ಪಿಚ್ಚಿನ ಮೇಲಿತ್ತು.

ಬಿಸಿಲು ಇಳಿಯುವ ಮೊದಲೇ ನಾಯಕರಿಬ್ಬರೂ ಕೈ ಕುಲುಕಿ ಆಟ ಮುಗಿಸಿದರು. ಮತ್ತೆ ಡ್ರಾ. ಜನ ಆಕಳಿಸುತ್ತ ಗೇಟಿನತ್ತ ನಡೆದರು. ಹೊರಗೆ ಬಂದ ಮೇಲೆ ಹೆಂಡತಿ ಹೇಳಿದಳು, "ಮಳೆನಾದ್ರೂ ಬಂದಿದ್ರೆ ಬೈಯೋಕೆ ಒಂದು ನೆಪ ಇರ್ತಿತ್ತು."

ಎಡಚ ನಕ್ಕುಬಿಟ್ಟ. ಬಹಳ ದಿನದಿಂದ ಅವನು ಹಾಗೆ ನಕ್ಕಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ನಡೆಯುವುದನ್ನು ನಿಧಾನ ಮಾಡಿ ಕೇಳಿದಳು, "ಏನು ಹಾಕ್ತಿದ್ರಿ?"

"ಹ್ಞಾಂ?"

"ನಾಲ್ಕನೇ ಚೆಂಡು."

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಫುಟ್‌ಪಾತಿನ ಅಂಚಿಗೆ ಸರಿದು ಎಡಗೈ ಎತ್ತಿ ತೋರಿಸಿದ. "ಮೂರೂ ಚೆಂಡು ಆಚೆಗೆ ತಿರುಗಿದ್ವು ಅಲ್ವಾ? ಅವನು ಆಚೆಗೇ ತಿರುಗುತ್ತೆ ಅಂತ ಕಾಯ್ತಿದ್ದ. ನೋಡೋಕೆ ಎಲ್ಲಾ ಹಾಗೇ ಇರುತ್ತೆ. ಕೈ ಅದೇ, ಓಟ ಅದೇ. ಬೆರಳು ಮಾತ್ರ ಇಷ್ಟೇ ಇಷ್ಟು ಹಿಂದಕ್ಕೆ. ಆಗ ಚೆಂಡು ತಿರುಗಲ್ಲ ಕಣೇ, ನೆಟ್ಟಗೆ ಒಳಗೆ ಹೋಗುತ್ತೆ. ಸೀದಾ ಸ್ಟಂಪಿಗೆ."

ದಾರಿಹೋಕರು ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು. ಅವಳು ಅವನ ಬೆರಳುಗಳನ್ನು ಮುಟ್ಟಿ ನೋಡಿದಳು.

"ಔಟ್ ಆಗ್ತಿದ್ನಾ?"

ಇಷ್ಟು ವರ್ಷ ಎಡಚನ ಮನಸ್ಸಿನಲ್ಲಿ ಮೀಸೆಯವನು ಪ್ರತಿ ಸಲವೂ ಔಟಾಗಿದ್ದ.

"ಗೊತ್ತಿಲ್ಲ ಕಣೇ," ಎಂದ. "ತಡೀತಿದ್ನೋ ಏನೋ. ಒಳ್ಳೆ ಆಟಗಾರ. ಹಾಕಿ ನೋಡ್ಬೇಕಿತ್ತು. ಅಷ್ಟೆ."

ಅವರ ಬಸ್ಸು ಬಂತು. ಹತ್ತುವಾಗ ಅವಳು ಅವನ ಎಡಗೈಯನ್ನೇ ಹಿಡಿದುಕೊಂಡಳು.