ಹಕ್ಕಿಜನರ ಚಾಚಾ

ಚಾಚಾ ಅವರ ಅಂಗಿಯ ಎಡಭುಜದ ಮೇಲೆ ಯಾವಾಗಲೂ ಪಾರಿವಾಳದ ಹಿಕ್ಕೆಯ ಬಿಳಿ ಕಲೆ ಇರುತ್ತಿತ್ತು. ಮಾಳಿಗೆಯ ಮೇಲೆ ಪಾರಿವಾಳ ಹಾರಿಸಿ, ಹಾಗೆಯೇ ಬಂದು ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ತಮ್ಮ ಕಂಪ್ಯೂಟರ್ ಗೇಮ್ ಅಂಗಡಿ ತೆರೆಯುತ್ತಿದ್ದರು. ಜವಳಗೇರಾದಿಂದ ಕಾಲೇಜಿಗೆ ಬರುತ್ತಿದ್ದ ನಾನು ಅಲ್ಲಿಗೆ ಕಾಲಿಟ್ಟ ಮೊದಲ ಹುಡುಗಿ. ಹುಡುಗರು ಮುಖ ಸಿಂಡರಿಸಿದರು. ಚಾಚಾ ಕುರ್ಚಿ ಒರೆಸಿ, "ಕೂಡು ಬೇಟಿ" ಎಂದರು.

ಅಲ್ಲಿ ಎಲ್ಲರೂ ಆಡುತ್ತಿದ್ದುದು ಕೋಟೆ ಕಾಳಗದ ಆಟ. ಹುಡುಗರು ಬಂಡೆಜನ, ಹುಲಿಜನ ಎಂದು ಕಿತ್ತಾಡಿ ಆರಿಸುತ್ತಿದ್ದರು. ಯಾರೂ ಮುಟ್ಟದ ಕುಲ ಹಕ್ಕಿಜನ. ಮನುಷ್ಯರಂತೆ ನಡೆಯುವ, ಕೊಕ್ಕು ರೆಕ್ಕೆಗಳ ಜನ. ಕಣ್ಣು ಬಹಳ ದೂರ ಕಾಣುತ್ತದೆ, ಎತ್ತರದಿಂದ ಜಿಗಿದರೆ ತೇಲಬಲ್ಲರು. ಆದರೆ ಮೂಳೆ ಟೊಳ್ಳು, ಎರಡು ಪೆಟ್ಟು ಬಿದ್ದರೆ ಕಥೆ ಮುಗಿಯಿತು. ಚಾಚಾ ಬೇರೇನನ್ನೂ ಆಡಿದವರಲ್ಲ. ಆಡುತ್ತಿದ್ದ ಚಂದವೋ, ದೇವರೇ ಗತಿ! ಕಂದಕಕ್ಕೆ ಬಿದ್ದು ಸತ್ತು, "ಮೌಸ್ ಸರಿ ಇಲ್ಲ" ಅನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನಾನು ನನ್ನ ಹಕ್ಕಿಗೆ ಕಬ್ಬಿಣದ ಕವಚ ತೊಡಿಸಿದಾಗ ಹಣೆ ಚಚ್ಚಿಕೊಂಡರು. "ತೆಗಿ, ತೆಗಿ! ಹೊಟ್ಟಿ ತುಂಬಿದ ಕಬೂತರ್ ಮಾಳಿಗಿ ಬಿಟ್ಟು ಏಳಂಗಿಲ್ಲ. ಹಗೂರ ಇರೋದೇ ಹಕ್ಕಿ ತಾಕತ್ತು."

ಲಿಂಗಸುಗೂರಿನಲ್ಲಿ ಪಂದ್ಯ ಎಂದಾಗ ನನ್ನನ್ನೂ ತಂಡಕ್ಕೆ ಸೇರಿಸಿದರು. ತಂಡದ ನಾಯಕ ಕೆರಳಿದ. "ಈ ಗುಬ್ಬಿ ಕಟ್ಕೊಂಡು ಸೋತ್ರ, ಮತ್ತ ಇಕಿ ಅಂಗಡಿಗೆ ಬರಬಾರ್ದು ನೋಡ್ರಿ ಚಾಚಾ."

"ಬರಂಗಿಲ್ಲ, ಹೋಗು" ಎಂದೆ ನಾನೇ. ಸೊಕ್ಕಿನಿಂದ ಅಂದುಬಿಟ್ಟೆ.

ಕೊನೆಯ ಪಂದ್ಯದಲ್ಲಿ ಮುದಗಲ್ ತಂಡದ ಬಂಡೆಜನ ತಮ್ಮ ಕೋಟೆ ಬಾಗಿಲು ಬಿಟ್ಟು ಕದಲಲೇ ಇಲ್ಲ. ನಮ್ಮ ಹುಲಿಗಳು ಹೋಗಿ ಹೋಗಿ ಪೆಟ್ಟು ತಿಂದವು. ವಿರಾಮದಲ್ಲಿ ಚಾಚಾ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು.

"ಮಂದಿ ಕಬೂತರ್‌ನ ನಮ್ಮ ಮಾಳಿಗಿಗೆ ಹ್ಯಾಂಗ ಇಳಸ್ತೀನಿ ನಾ? ಕಲ್ಲು ಒಗದು ಅಲ್ಲ ಬೇಟಿ. ನಮ್ಮ ಹಕ್ಕಿ ಅವರ ಗುಂಪಿನಾಗ ಹೊಕ್ಕು, ಮರುಳು ಮಾಡಿ ಕರಕೊಂಡು ಬರ್ತಾವ. ನೀನೂ ಹಂಗ ಒಳಗ ಹೊಗು. ಜಗಳ ಆಡಬ್ಯಾಡ."

ಕತ್ತಿಯನ್ನೂ ಕಳಚಿಟ್ಟು ನಮ್ಮ ಕೋಟೆಯ ಬುರುಜಿನಿಂದ ಜಿಗಿದೆ. ಬಂಡೆಗಳ ತಲೆಯ ಮೇಲೆಯೇ ತೇಲಿ, ಅವರ ನಡುವೆ ಇಳಿದು, ಓಡಿದೆ. ಬರಿಗೈ ಹಕ್ಕಿ, ಈಗ ಸಿಕ್ಕಿತು ಎಂದು ಒಬ್ಬ ಬೆನ್ನಟ್ಟಿದ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಇಡೀ ಹಿಂಡು. ಒಂದು ಪೆಟ್ಟು ಬಿತ್ತು, ಇನ್ನೊಂದು ಬಿದ್ದಿದ್ದರೆ ಮುಗಿದಿತ್ತು. ಹಾಗೇ ಎಳೆದುಕೊಂಡು ಹೋಗಿ ನಮ್ಮ ಹುಲಿಗಳ ಬಾಯಿಗೇ ಹಾಕಿದೆ. ಅವರ ಕೋಟೆ ಬಾಗಿಲಲ್ಲಿ ಕಾಯಲು ಒಬ್ಬನೂ ಉಳಿದಿರಲಿಲ್ಲ, ನಮ್ಮವರು ಒಳನುಗ್ಗಿದರು. ಗೆದ್ದೆವು! ಕುರ್ಚಿ ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಮರಳುವಾಗ ಬಸ್ಸಿನಲ್ಲಿ ನಾಯಕ ದೊಡ್ಡ ಮನಸ್ಸು ಮಾಡಿದ. "ಚಾಚಾ, ನಾಳೆಯಿಂದ ಇಕಿನೂ ಬರ್ಲಿ ಬಿಡ್ರಿ."

ಚಾಚಾ ಸಿಡುಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬರ್ಲಿ ಅನ್ನಾಕ ನೀ ಯಾರಲೇ? ನಿಮ್ಮನ್ನೆಲ್ಲ ಗೆಲ್ಲಿಸಿ ಊರಿಗೆ ಕರಕೊಂಡು ಹೊಂಟಾಳ ಆಕಿ. ನಾಳೆ ನೀ ಬರಬೇಕೋ ಬ್ಯಾಡೋ, ಆಕಿನ್ನ ಕೇಳು."

ಅವನು ನನ್ನ ಕಡೆ ತಿರುಗಿ ಕೇಳಿಯೇಬಿಟ್ಟ. ಬಸ್ಸೆಲ್ಲ ನಕ್ಕಿತು.

ಹೋದ ವರ್ಷ ಚಾಚಾ ತೀರಿಕೊಂಡರು. ನನ್ನಲ್ಲಿ ಏನಾದರೂ ಧೈರ್ಯವಿದ್ದರೆ ಅದು ಅವರು ಕೊಟ್ಟದ್ದು. ಮಸ್ಕಿಯಲ್ಲಿ ಈಗ ನನ್ನದೇ ತಂಡವಿದೆ. ಅಂದಿನ ಆ ನಾಯಕನೂ ಅದರಲ್ಲಿ ಆಡುತ್ತಾನೆ, ನಾನು ಕರೆದಾಗ.