ತುಟಿ ಮುಚ್ಚಿ ಹಾಕಿದ ಹಿಡಿ ಹಿಟ್ಟು

ಮುದ್ದೇಬಿಹಾಳದ ಮಾರುಕಟ್ಟೆ ಪ್ರಾಂಗಣದ ಹಿಂದಿನ ಓಣಿಯಲ್ಲಿ ಸುವಾರ್ತವ್ವನ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೆಂದಲ್ಲ, ‘ಪ್ರಾರ್ಥನಾ ಮಾಡೋ ಅವ್ವ’ ಎಂದು. ಯಾರಿಗೆ ಜ್ವರ ಬಂದರೂ, ಯಾರ ಮಗಳ ಸಂಬಂಧ ಮುರಿದರೂ ಒಂದು ಹೆಸರು ಅವಳ ಬಾಗಿಲಿಗೆ ಬರುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಹೂಂ, ಇಡ್ತೇನಿ” ಎನ್ನುತ್ತಿದ್ದಳು.

ಇಡುವುದೆಂದರೆ ಹಿಟ್ಟು. ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ಅವಳ ತಾಯಿ ಕಲಿಸಿದ ರೂಢಿ ಅದು. ಬೆಳಿಗ್ಗೆ ರೊಟ್ಟಿಗೆ ನೀರು ಹಾಕುವ ಮೊದಲು ಜೋಳದ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದು, ಒಬ್ಬರ ಹೆಸರನ್ನು ದೇವರ ಮುಂದೆ ಹೇಳಿ, ಬೇರೆ ಡಬ್ಬಿಗೆ ಹಾಕಬೇಕು. ಒಂದು ಹೆಸರಿಗೆ ಒಂದು ಹಿಡಿ. ಭಾನುವಾರ ಆ ಡಬ್ಬಿ ಚರ್ಚಿನ ಸಭೆಗೆ ಹೋಗುತ್ತದೆ, ಅಲ್ಲಿಂದ ಯಾರದೋ ಬಡವರ ಒಲೆಗೆ.

ಎರಡು ವರ್ಷದಿಂದ ಡಬ್ಬಿಗೆ ಹಿಟ್ಟು ಬೀಳುತ್ತಿತ್ತು, ಹೆಸರು ಬೀಳುತ್ತಿರಲಿಲ್ಲ. ಇದು ಸುವಾರ್ತವ್ವನಿಗೆ ಬಿಟ್ಟರೆ ಮತ್ತಾರಿಗೂ ಗೊತ್ತಿರಲಿಲ್ಲ.

ಅವಳ ಗಂಡ ಸುನೀಲಕುಮಾರ ಬಸ್ ನಿಲ್ದಾಣದ ಹತ್ತಿರ ಪಂಪಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದ. ಮೂವತ್ತು ವರ್ಷ ಅವಳು ಅವನ ಹೆಸರನ್ನು ಬಾಯಿಂದ ತೆಗೆದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅಜ್ಜಿ ಹೇಳಿದ್ದಳು. ಕ್ರೈಸ್ತರಾಗಿ ಮೂರು ತಲೆಮಾರು ಕಳೆದರೂ ಆ ಮಾತು ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗಿರಲಿಲ್ಲ. ಪ್ರಾರ್ಥನೆಯಲ್ಲಿಯೂ ಅವಳು ‘ನಮ್ಮ ಮನಿಯವರು’ ಎಂದೇ ಹೇಳುತ್ತಿದ್ದಳು.

ಅವನ ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದಾಗ ಸಭಾಪಾಲಕರು ಬಂದು, “ಹೆಸರು ಹಿಡಿದು ಕೇಳ್ರಿ ತಾಯಿ. ತಂದಿ ಮುಂದ ಎಂಥಾ ನಾಚಿಕಿ?” ಎಂದರು. ಅಂದು ಬೆಳಿಗ್ಗೆ ಹಿಡಿ ಹಿಟ್ಟು ಹಿಡಿದು, ಕಣ್ಣು ಮುಚ್ಚಿ, ಮೊದಲ ಬಾರಿ ಗಂಡನ ಹೆಸರನ್ನು ಬಾಯ್ತುಂಬ ಹೇಳಿದಳು. ಹನ್ನೆರಡನೆಯ ದಿನ ಅವನು ತೀರಿಕೊಂಡ.

ವೈದ್ಯರು ಕಾರಣ ಹೇಳಿದರು, ಸಭಾಪಾಲಕರು ಸಮಾಧಾನ ಹೇಳಿದರು. ಅವಳು ತಲೆ ಆಡಿಸಿದಳು. ಎದೆಯೊಳಗೆ ಮಾತ್ರ ಅಜ್ಜಿಯ ಮಾತು ಕುಕ್ಕರಗಾಲಲ್ಲಿ ಕುಳಿತೇ ಇತ್ತು. ಅಂದಿನಿಂದ ಯಾರ ಹೆಸರು ಬಂದರೂ ತುಟಿ ಬಿಗಿಹಿಡಿದು ಹಿಟ್ಟು ಸುರಿದು, ಒಳಗೆ ಚೇಳಿದೆಯೇನೋ ಎಂಬಂತೆ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದಳು.

ಹೀಗಿರುವಾಗ ಪಕ್ಕದ ಮನೆಯ ಜನ್ನತಬಿ ಬಂದಳು. ಅವಳ ಮಗಳು ರಮಜಾನಬಿ ತುಂಬಿದ ಬಸುರಿ, ತವರಿಗೆ ಬಂದಿದ್ದಳು. ಚಿಕ್ಕಂದಿನಲ್ಲಿ ತಾಯಿ ಕೂಲಿಗೆ ಹೋದಾಗ ಸುವಾರ್ತವ್ವನ ತೊಡೆಯ ಮೇಲೆ ಮಲಗಿ, ಅವಳ ಹಂಚಿನ ಮೊದಲ ರೊಟ್ಟಿ ತಿಂದು ಬೆಳೆದ ಹುಡುಗಿ ಅದು.

“ಅಕ್ಕಾ, ಕೂಸಿನ ಮಾಸು ಗರ್ಭದ ಬಾಯಿಗೆ ಕೆಳಗ ಕುಂತೈತಂತ, ರಕ್ತ ಹೋದೀತಂತ. ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾಳ ಡಾಕ್ಟರವ್ವ. ನಮ್ಮ ದುವಾ ನಾವು ಮಾಡಾಕತ್ತೇವಿ. ನಿನ್ನ ಡಬ್ಬಿಗೂ ಒಂದು ಹೆಸರು ಹಾಕು.”

“ಹಾಕ್ತೇನಿ.”

“ದಿನಾ ಹಾಕಬೇಕ ಮತ್ತ. ನಿಮ್ಮ ದೇವ್ರೇನು ಐತವಾರ ಅಷ್ಟ ಕಿವಿ ತಗದಿರ್ತಾನೇನು?”

ಸುವಾರ್ತವ್ವ ನಕ್ಕಳು. ಬಾಗಿಲು ಮುಚ್ಚಿದ ಮೇಲೆ ಅಲ್ಲೇ ಹೊಸ್ತಿಲ ಹತ್ತಿರ ಕುಳಿತಳು. ಹೇಳದಿದ್ದರೆ ಜನ್ನತಬಿಗೆ ಮೋಸ. ಹೇಳಿದರೆ? ಹೇಳಿದ್ದರಿಂದಲೇ ಒಬ್ಬರು ಹೋಗಿರಲಿಲ್ಲವೆ? ಮರುದಿನ ಹಿಡಿ ಎತ್ತಿದಾಗ ಹುಡುಗಿಯ ಹೆಸರು ಗಂಟಲತನಕ ಬಂತು. ಅವಳು ಅದನ್ನು ಉಗುಳಿನೊಂದಿಗೆ ನುಂಗಿದಳು. ಹಾಗೆ ಮೂವತ್ತೆರಡು ಹಿಡಿ ಬಿದ್ದವು.

ಮೂವತ್ತಮೂರನೆಯ ದಿನ ಶಾಲೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ರಮಜಾನಬಿಯ ಗಂಡ ಜುಲ್ಫಿಕರ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಹಾಕಿರಲಿಲ್ಲ. “ದೊಡ್ಡವ್ವಾ, ರಕ್ತ ಹೊಂಟೈತಿ. ನಿಲ್ಲವಲ್ತು. ಅತ್ತಿ ನಿಮ್ಮನ್ನ ಕರಕೊಂಡ ಬಾ ಅಂದಾರ.”

ಆಸ್ಪತ್ರೆಯ ಮುಂದೆ ಆಂಬುಲೆನ್ಸು ತಯಾರಾಗಿತ್ತು. ಬಿಜಾಪುರಕ್ಕೇ ಒಯ್ಯಬೇಕು, ಅಲ್ಲಿ ರಕ್ತವಿದೆ ಎಂದಿದ್ದರು ವೈದ್ಯರು. ರಕ್ತ ಕೊಡುವ ಗೆಳೆಯರನ್ನು ಕೂಡಿಸಿಕೊಂಡು ಜುಲ್ಫಿಕರ ಮೋಟಾರ್‌ಸೈಕಲ್ಲಿನಲ್ಲಿ ಮುಂದೆ ಹೋದ. ಜನ್ನತಬಿ ಸುವಾರ್ತವ್ವನ ರಟ್ಟೆ ಹಿಡಿದು ಒಳಗೆ ಎಳೆದಳು. “ನೀ ಹತ್ತು. ಒಂದು ತಿಂಗಳು ಪ್ರಾರ್ಥನಾ ಮಾಡಿ ಇಕಿನ್ನ ಹಿಡಿದಾಕಿ ನೀನ.”

ಹಿಡಿದವಳು ನೀನೇ! ಸುವಾರ್ತವ್ವ ತಲೆ ತಗ್ಗಿಸಿ ಗಾಡಿ ಹತ್ತಿದಳು.

ಬಸವನ ಬಾಗೇವಾಡಿಯ ದಾರಿ. ಎರಡೂ ಕಡೆ ತೊಗರಿ ಹೊಲ, ಮೇಲೆ ಬಿಸಿಲು. ಗಾಡಿ ಜಿಗಿದಾಗಲೆಲ್ಲ ಮಲಗಿದವಳ ಕೆಳಗಿನ ಬಟ್ಟೆ ಇನ್ನಷ್ಟು ಕೆಂಪಾಗುತ್ತಿತ್ತು. ಸಲೈನ್ ಬಾಟಲಿ ಹಿಡಿದ ನರ್ಸ್ ಗಡಿಯಾರ ನೋಡಿದಳು, ಮತ್ತೆ ನೋಡಿದಳು.

“ಗಟ್ಟ್ಯಾಗಿ ಮಾಡ ಅಕ್ಕಾ,” ಎಂದಳು ಜನ್ನತಬಿ. “ನೀ ಮಾಡು, ನಾ ಆಮೀನ್ ಅಂತೇನಿ. ಅದೊಂದು ಇಬ್ಬರಿಗೂ ಒಂದ ಐತಲ್ಲ.”

ಸುವಾರ್ತವ್ವ ಕೈ ಜೋಡಿಸಿದಳು. ಸಭೆಯಲ್ಲಿ ಅವಳು ಪ್ರಾರ್ಥನೆಗೆ ನಿಂತರೆ ಮಾತು ಕಾಲುವೆಯ ನೀರಿನಂತೆ ಹರಿಯುತ್ತಿತ್ತು. ಈಗ ಒಂದು ಹನಿ ಬರಲಿಲ್ಲ.

“ನಾ ಮಾಡಿಲ್ಲ ಜನ್ನತಾ.”

“ಏನು ಮಾಡಿಲ್ಲ?”

“ಪ್ರಾರ್ಥನಾ. ಒಂದ ದಿನಾನೂ ಇಕಿ ಹೆಸರು ತಗದಿಲ್ಲ. ಯಾರ ಹೆಸರೂ ತಗದಿಲ್ಲ. ಅವರ ಹೆಸರು ತಗದ್ನಿ, ಅವರು ಹೋದ್ರು. ಅವತ್ತಿಂದ ಬರೇ ಹಿಟ್ಟ ಹಾಕಾಕತ್ತೇನಿ.”

ಜನ್ನತಬಿಯ ಸಿಟ್ಟು ಆ ಸಣ್ಣ ಗಾಡಿಯಲ್ಲಿ ಹಿಡಿಸಲಿಲ್ಲ. “ಹಿಟ್ಟ ಹಾಕಿ ದೇವ್ರನ್ನ ಮಂಗ್ಯಾ ಮಾಡಿದೇನು? ನನ್ನನ್ನೂ ಮಾಡಿದಿ! ಗಂಡನ ಹೆಸರು ಅಂದ್ರ ಗಂಡ ಸಾಯ್ತಾನೇನು? ನಬಿಲಾಲ! ನಬಿಲಾಲ! ನಬಿಲಾಲ! ಕೇಳಿದೇನು? ನಲವತ್ತ ವರ್ಷದಾಗ ನನ್ನ ಗಂಡನ ಹೆಸರು ಒಮ್ಮಿ ಅಂದಿದ್ದಿಲ್ಲ. ಬೇಕಾದ್ರ ಫೋನ್ ಹಚ್ಚಿ ನೋಡು, ಕಟ್ಟಿ ಮ್ಯಾಲ ಚಾ ಕುಡಕೋತ ಕುಂತಿರ್ತಾನ ಮುದುಕ!”

ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅವಳಿಗೂ ಅಂಜಿಕೆ ಬಂದಿತ್ತು, ಹೇಳಿದ ಮೇಲೆ.

“ದೊಡ್ಡವ್ವಾ,” ಎಂದು ಕೆಳಗಿನಿಂದ ದನಿ ಬಂತು. ರಮಜಾನಬಿಯ ತುಟಿ ಬೆಳ್ಳಗಾಗಿತ್ತು. “ನನ್ನ ಹೆಸರು ತಗೀರಿ. ನನಗ ಭಾಳ ಅಂಜಿಕಿ ಬರಾಕತ್ತೈತಿ.”

ಸುವಾರ್ತವ್ವ ಅವಳ ತಣ್ಣನೆಯ ಹಸ್ತ ಹಿಡಿದಳು. ಹಿಡಿ ಹಿಟ್ಟು ಹಿಡಿದ ಹಾಗೆಯೇ ಇತ್ತು, ಅಷ್ಟೇ ಸಣ್ಣದು.

“ಯಪ್ಪಾ,” ಎಂದಳು. “ನನ್ನೊಳಗ ನಂಬಿಕಿ ಉಳದೈತೋ ಇಲ್ಲೋ ನನಗ ಗೊತ್ತಿಲ್ಲ. ಅಂಜಿಕಿ ಐತಿ. ನಾ ಹೆಸರು ಹೇಳಿದ್ರ ನೀ ಕರಕೊಂಡು ಹೋಗ್ತಿ ಅಂತ ನಿಂದ ಅಂಜಿಕಿ ಐತಿ. ಇಕಿ ರಮಜಾನಬಿ. ರಮಜಾನಬಿ. ಇಕಿನ್ನ ನೋಡು.”

“ಆಮೀನ್,” ಎಂದಳು ಜನ್ನತಬಿ. ನರ್ಸೂ ಏನೋ ಗೊಣಗಿದಳು. ಮುಂದೆ ದಾರಿಯುದ್ದಕ್ಕೂ ಅದೊಂದೇ ಹೆಸರು. ಬಾಗೇವಾಡಿಯ ಪೇಟೆಯಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂದು ನಿಂತಾಗಲೂ ಅವಳು ನಿಲ್ಲಿಸಲಿಲ್ಲ. ಹೆದರಿಕೆ ಕಡಿಮೆಯಾಗಲಿಲ್ಲ. ಆದರೂ ಹೇಳಿದಳು.

ಆಪರೇಶನ್ ಕೋಣೆಯ ಬಾಗಿಲು ತೆರೆದಾಗ ಮಧ್ಯಾಹ್ನ ಮೂರು ಗಂಟೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಮುದ್ದೇಬಿಹಾಳಕ್ಕೆ ಮರಳಿದ ಮೇಲೆ ಸುವಾರ್ತವ್ವ ಆ ಡಬ್ಬಿಯ ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ರೊಟ್ಟಿಯನ್ನೂ ತಟ್ಟಲಿಲ್ಲ, ನಿನ್ನೆಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಕೆಲಸಕ್ಕೆ ಹೋದಳು. ಪಕ್ಕದ ಮನೆಯ ಬಾಗಿಲು ಕಿರ್ರೆಂದರೆ ಸಾಕು, ಜನ್ನತಬಿ ಬಂದಳೆಂದು ಹಿತ್ತಿಲಿಗೆ ಸರಿಯುತ್ತಿದ್ದಳು. ಬಂದು ಏನೆನ್ನುತ್ತಾಳೆ? ಮತ್ತೆ ಹೆಸರು ಹೇಳಿದಿ, ಮತ್ತೆ ಒಂದು ಜೀವ ಹೋಯಿತು ಎನ್ನುತ್ತಾಳೆ. ತಾನೇ ತನಗೆ ನೂರು ಸಲ ಹೇಳಿಕೊಂಡ ಮಾತು ಅದು.

ಕೂಸು ಹೋದ ಹನ್ನೆರಡನೆಯ ದಿನ ಬೆಳಿಗ್ಗೆ ಜನ್ನತಬಿ ಬಂದೇ ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಜೋಳದ ಹಿಟ್ಟು.

“ಸಿಟ್ಟಿಲ್ಲ ಅಂತ ಹೇಳಾಕ ಬಂದಿಲ್ಲ. ಸಿಟ್ಟೈತಿ,” ಎಂದು ಒಲೆಯ ಮುಂದೆ ಕುಳಿತಳು. “ಎರಡು ವರ್ಷ ಸುಳ್ಳ ಹೇಳಿದಿ. ಆದ್ರ ಗಾಡ್ಯಾಗ ಅಂದದ್ದು ಸುಳ್ಳಲ್ಲ. ನಾ ಬಾಜೂಕ ಕುಂತು ಕೇಳೇನಿ.”

“ಕೂಸು ಹೋತಲ್ಲ ಜನ್ನತಾ.”

“ಹೋತು. ಅಕಿ ಅದಾಳ. ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾಳ, ಒಂದು ತುತ್ತು ಉಣ್ಣವಲ್ಲಳು. ಡಬ್ಬಿ ತಗಿ. ಹೆಸರು ಹೇಳು, ನನ್ನ ಮುಂದ. ಮನಸಿನ್ಯಾಗ ಅಂದ್ನಿ ಅಂದ್ರ ನಾ ನಂಬಂಗಿಲ್ಲ.”

“ನನಗ ಅಂಜಿಕಿ ಬರ್ತೈತಿ.”

“ಬರಲಿ. ನನಗೇನು ಬರೂದಿಲ್ಲೇನು?”

ಸುವಾರ್ತವ್ವ ತಾಟಿನಿಂದ ಒಂದು ಹಿಡಿ ಎತ್ತಿದಳು. ಕೈ ಎಷ್ಟು ನಡುಗಿತೆಂದರೆ ಅರ್ಧ ಹಿಟ್ಟು ನೆಲಕ್ಕೆ ಚೆಲ್ಲಿತು. “ರಮಜಾನಬಿ,” ಎಂದಳು, ಗಟ್ಟಿಯಾಗಿ. ಉಳಿದರ್ಧ ಡಬ್ಬಿಗೆ ಬಿತ್ತು.

“ಆಮೀನ್. ಇನ್ನೊಂದು ಹಿಡಿ.”

“ಅದ್ಯಾರಿಗೆ?”

“ನಬಿಲಾಲಗ. ಮೊಣಕಾಲು ಬ್ಯಾನಿ.” ಜನ್ನತಬಿ ತಾಟಿನ ಅಂಚು ನೋಡುತ್ತ ಹೇಳಿದಳು, “ನಾನಂತೂ ಮೂರ ಸಲ ಅಂದೇನಿ, ಇನ್ನ ನೀ ಅನ್ನು.”

ಆ ಹೆಸರೂ ಡಬ್ಬಿಗೆ ಬಿದ್ದ ಮೇಲೆ ಉಳಿದ ಹಿಟ್ಟಿಗೆ ಸುವಾರ್ತವ್ವ ಬಿಸಿನೀರು ಹಾಕಿ ನಾದಿದಳು. ಹಂಚಿನಿಂದ ಇಳಿದ ಮೊದಲ ರೊಟ್ಟಿಗೆ ಬೆಣ್ಣೆ ಸವರಿ, ತಾನೇ ಒಯ್ದು, ಗೋಡೆಗೆ ಮುಖ ಮಾಡಿದವಳ ತಲೆದಿಂಬಿನ ಹತ್ತಿರ ಕುಳಿತಳು. ರಮಜಾನಬಿ ತಿರುಗಿ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಕೈ ಹಿಂದಕ್ಕೆ ಬಂತು. ಸುವಾರ್ತವ್ವ ಆ ಕೈಯಲ್ಲಿ ಒಂದು ಚೂರು ರೊಟ್ಟಿ ಇಟ್ಟಳು.

ಮರುದಿನ ಬೆಳಿಗ್ಗೆಯೂ ಹಿಡಿ ಎತ್ತುವಾಗ ಅವಳ ಕೈ ನಡುಗಿತು. ನೆಲಕ್ಕೆ ಚೆಲ್ಲಬಾರದೆಂದು ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಹೆಸರು ಹೇಳಿದಳು.